ಹೊಳಪು ಬೇಡವೆಂದ ವಿಮಾನ

ಬಳ್ಳಾರಿಯ ಅದಿರು ಲಾರಿಗೆ ನಾನು ಬಣ್ಣ ಹೊಡೆದರೆ ಡ್ರೈವರ್ ಅದರಲ್ಲೇ ಮುಖ ನೋಡಿ ಕ್ರಾಪು ತೀಡಬೇಕು, ಹಂಗ ಹೊಳೆಯುತ್ತಿತ್ತು.

ಒಮ್ಮೆ ಪಾರ್ವತಿನಗರದ ಹಿರಿಯರೊಬ್ಬರು, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ತಾವೇ ಕಟ್ಟಿಗೆಯಲ್ಲಿ ಕೆತ್ತಿದ ಮೊಳದುದ್ದದ ಯುದ್ಧವಿಮಾನ ತಂದರು. "ನಾನು ನೋಡಿಕೊಳ್ತಿದ್ದ ವಿಮಾನ ಇದು. ಹಂಗ ಕಾಣಬೇಕು" ಅಂದರು. ಬೆಳ್ಳಿಬಣ್ಣ ಹೊಡೆದು ವಾರ್ನಿಷ್ ಬಳಿದೆ. ಲಾರಿಗೆ ಬರೆಯುವಂತೆ ಅದರ ಹೊಟ್ಟೆಯ ಕೆಳಗೆ ನನ್ನ ಹೆಸರನ್ನೂ, ನನ್ನೂರು ಕುರುಗೋಡು ಅಂತಲೂ ಬರೆದೆ. ಅದನ್ನು ನೋಡಿ ಹಿರಿಯರ ಮುಖ ಸಪ್ಪಗಾಯಿತು.

"ತಮ್ಮಾ, ಇದು ಒಮ್ಮಿನೂ ಹಾರಿಲ್ಲ ನೋಡು. ಹೊಲಸು ಮಾಡು."

"ಹೊಲಸು ಮಾಡಾಕ ಪೇಂಟರ್ ಯಾಕ್ರೀ? ಎಮ್ಮಿ ಮುಂದ ಇಡ್ರಿ!"

ಅವರು ನಗಲಿಲ್ಲ. "ಗುಂಡು ಹಾರೋ ತೂತಿನ ಹಿಂದ ಮಸಿ ಹಿಡೀತೈತಿ. ಪೈಲಟ್ ಕಾಲಿಟ್ಟು ಹತ್ತೋ ಕಡೆ ಬಣ್ಣ ಸವೀತೈತಿ. ಆ ಮಸಿ ದಿನಾ ಒರಸಾಂವ ನಾನ."

ನನಗೂ ನೋಡೇಬಿಡೋಣ ಅನಿಸಿತು. ಉಪ್ಪುಕಾಗದದಿಂದ ಮೈಮೇಲಿನ ವಾರ್ನಿಷ್ ಹೊಳಪು ತೆಗೆದೆ, ಪೈಲಟ್ ಹತ್ತುವ ರೆಕ್ಕೆಯ ಬುಡವನ್ನು ಬಣ್ಣ ಸವೆಯುವಷ್ಟು ಉಜ್ಜಿದೆ. ಕಂದೀಲಿನ ಮಸಿಯನ್ನು ಬೆರಳಿಂದ ತೂತಿನ ಹಿಂದಕ್ಕೆ ಎಳೆದೆ. ಹಿರಿಯರು ಜೇಬಿನ ದಸ್ತಿ ತೆಗೆದು ಒರೆಸಲು ಕೈ ಚಾಚಿದವರು, ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ಈಗ ಬರೋಬ್ಬರಿ ಐತಿ" ಅಂದರು, ದಸ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತ.

ಅವರಿಗೆ ಹೇಳಲಿಲ್ಲ, ನನ್ನ ಹೆಸರಿನ ಮೇಲಿನ ವಾರ್ನಿಷ್ ಮಾತ್ರ ಹಾಗೇ ಬಿಟ್ಟಿದ್ದೆ. ವಿಮಾನ ಎಷ್ಟು ಹಾರಿದರೇನು, ಬಣ್ಣ ಹೊಡೆದವ ಕುರುಗೋಡಿನವ ಅಂತ ಗೊತ್ತಾಗಬೇಕಲ್ಲ!