ಅವ್ವ ಮಾಫ್ ಮಾಡಿದ ಬೀಜಗಳು

ಎರಡು ಸಾವಿರದ ಆರನೇ ಇಸವಿಯ ಸುಮಾರು. ನಾಲ್ಕು ತುಂಬಿದರೂ ನನ್ನ ಮಗಳಿಗೆ ಮಾತು ಬಂದಿರಲಿಲ್ಲ. ಏನಾದರೂ ಬೇಕೆನಿಸಿದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಇಂಥ ಮಕ್ಕಳಿಗೆ ಕಲಿಸುವ ಟೀಚರೊಬ್ಬರು ಹತ್ತಿರದ ಫೋಂಡಾ ಪೇಟೆಯಲ್ಲಿದ್ದರು. ದಿನಕ್ಕೆ ಎಷ್ಟು ಸಲ ಕಚ್ಚಿಕೊಳ್ಳುತ್ತಾಳೆ ಎಂದು ತಪ್ಪದೆ ಬರೆದಿಡಲು ಹೇಳಿದರು. ಅದು ಕಡಿಮೆಯಾದರೆ ಜೂನ್‌ನಲ್ಲಿ ಬಾಲವಾಡಿಗೆ ಸೇರಿಸಬಹುದಿತ್ತು.

ನಾನು ಮಡ್ಕಯಿಯ ಔಷಧ ಕಾರ್ಖಾನೆಯಲ್ಲಿ ಮಾತ್ರೆಯ ಸ್ಟ್ರಿಪ್‌ಗಳನ್ನು ಎಣಿಸಿ ತಪಾಸಣೆ ಮಾಡುವವಳು. ಲೆಕ್ಕದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಆದರೆ ಹಗಲಿಡೀ ಮಗಳ ಜೊತೆ ಇರುತ್ತಿದ್ದವಳು ಧಾರವಾಡದಿಂದ ಬಂದಿದ್ದ ನಮ್ಮವ್ವ. ಅವಳಿಗೆ ಓದುಬರಹ ಬಾರದು. ಅದಕ್ಕೇ ಒಂದು ಉಪಾಯ ಮಾಡಿದೆ: ಒಂದು ಸಲ ಕಚ್ಚಿಕೊಂಡರೆ ಒಂದು ಹುಣಸೆಬೀಜ ಡಬ್ಬಿಗೆ. ಸಂಜೆ ಬಂದು ನಾನು ಎಣಿಸಿ ಹಾಳೆಯಲ್ಲಿ ಬರೆಯುತ್ತಿದ್ದೆ.

ಮೊದಲ ವಾರ ದಿನಕ್ಕೆ ಇಪ್ಪತ್ತರ ಆಸುಪಾಸು ಇತ್ತು. ಮೂರನೇ ವಾರಕ್ಕೆ ಆರಕ್ಕೆ ಇಳಿಯಿತು. ನನ್ನ ಲೆಕ್ಕದಿಂದ ಬರೆದ ನಕ್ಷೆಯಲ್ಲಿ ಗೆರೆ ಇಳಿದದ್ದನ್ನು ಟೀಚರ್ ತೋರಿಸಿದಾಗ ಹಿಗ್ಗಿ ಹೀರೇಕಾಯಿಯಾದೆ.

ಭಾನುವಾರ ಮಗಳಿಗೆ ಎಣ್ಣೆ ಹಚ್ಚಿ ಎರೆಯುವಾಗ ಮುಂಗೈ ನೋಡಿದೆ. ತುಂಬ ಹೊಸ ಹಲ್ಲಿನ ಗುರುತು. ದಿನಕ್ಕೆ ಆರು ಸಲ ಕಚ್ಚಿದ ಕೈಯಲ್ಲ ಅದು. ಅಂದು ಅವ್ವನ ಮೇಲೆ ಕಣ್ಣಿಟ್ಟೆ. ಮಗಳು ಕಚ್ಚಿಕೊಂಡಳು, ಅವ್ವ ಬೀಜ ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಬೀಜವನ್ನು ಮೆಲ್ಲಗೆ ಹೊರಗೆ ತೆಗೆದಳು!

ನನ್ನ ಪಿತ್ತ ನೆತ್ತಿಗೇರಿತು. “ಅವ್ವಾ, ಏನ್ ಮಾಡಾಕತ್ತಿ? ಟೀಚರಿಗೆ ಸುಳ್ಳ ಲೆಕ್ಕಾ ಕೊಟ್ಟಂಗಾತಲ್ಲ!”

“ಸುಳ್ಳ ಯಾಕ? ಕಚ್ಚೂದು ಬಿಟ್ಟು ಬಂದು ನನ್ನ ಸೆರಗ ಜಗ್ಗಿದ್ಲು. ನೀರ ಕೊಟ್ಟೆ, ಕುಡದ್ಲು. ಇಷ್ಟ ಶಾಣ್ಯಾ ಆಗ್ಯಾಳ, ಒಂದ್ ಮಾಫ್ ಮಾಡಬಾರದೇನ?”

ಮರುದಿನ ಟೀಚರ ಮುಂದೆ ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ದಿನಕ್ಕೆ ಎಷ್ಟು ಬೀಜ ಹೊರಗೆ ಬರುತ್ತವೆ ಎಂದು ಕೊಂಕಣಿಯಲ್ಲಿ ಕೇಳಿದರು. ಅಷ್ಟು ಸಲ ಮಗು ಕಚ್ಚುವುದನ್ನು ಬಿಟ್ಟು, ಮಾತಿಲ್ಲದೆಯೂ ಬೇಕಾದ್ದನ್ನು ಕೇಳುತ್ತಿದೆ, ನಮಗೆ ಬೇಕಾಗಿದ್ದುದೇ ಅದು ಎಂದರು. ಇನ್ನು ಎರಡು ಡಬ್ಬಿ ಇಡಬೇಕು, ಒಂದು ಕಚ್ಚಿದ್ದಕ್ಕೆ, ಇನ್ನೊಂದು ಸೆರಗು ಜಗ್ಗಿದ್ದಕ್ಕೆ. ಜಗ್ಗಿದ ಕೂಡಲೇ ಕೇಳಿದ್ದು ಕೈಗೆ ಸಿಗಬೇಕು.

ಜೂನ್ ತಪ್ಪಿತು. ಆದರೆ ಕಚ್ಚುವುದು ಈ ಸಲ ನಿಜವಾಗಿಯೂ ಇಳಿಯಿತು. ಚೌತಿ ರಜೆ ಮುಗಿದ ಮೇಲೆ ಮಗಳು ಬಾಲವಾಡಿಗೆ ಹೊರಟಳು.

ನನಗೆ ಮಾತ್ರ ಒಳಗೊಳಗೇ ಹೊಟ್ಟೆಕಿಚ್ಚು. ಎರಡನೇ ಡಬ್ಬಿಯ ಬೀಜವೆಲ್ಲ ಅವ್ವನ ಸೆರಗಿನದೇ, ನನ್ನನ್ನು ಮಗಳು ಒಮ್ಮೆಯೂ ಜಗ್ಗಿರಲಿಲ್ಲ. ಆಮೇಲೆ ಹೊಳೆಯಿತು: ಸಂಜೆ ಮನೆಗೆ ಬಂದವಳೇ ನಾನು ಮೊದಲು ನೋಡುತ್ತಿದ್ದುದು ಡಬ್ಬಿಯನ್ನು, ಮಗಳನ್ನಲ್ಲ. ನಾಚಿಕೆಯಾಯಿತು.

ಮರುದಿನ ಸಂಜೆ ಎಣಿಸುವುದನ್ನು ಬಿಟ್ಟು ಮಗಳ ಪಕ್ಕ ನೆಲದ ಮೇಲೆ ಕೂತೆ. ಎಷ್ಟೋ ಹೊತ್ತಿನ ಮೇಲೆ ನನ್ನ ಚೂಡಿದಾರದ ವೇಲು ಜಗ್ಗಿದಳು. ನೀರು ಕೊಟ್ಟೆ, ತಳ್ಳಿದಳು. ಬಿಸ್ಕತ್ತು ಕೊಟ್ಟೆ, ಅದನ್ನೂ ತಳ್ಳಿದಳು. ಮತ್ತೆ ಜಗ್ಗಿದಳು. ನನಗೆ ತಿಳಿಯಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಬೇಕಾಯಿತು: “ಎತ್ಗೊ ಅನ್ನಾಕತ್ತಾಳವಾ.”