ಅತ್ತೆ ಮೈಕು, ಅಜ್ಜಿ ಮೈಕು

ಕಿವಿಯಣ್ಣನ ಸ್ಟುಡಿಯೋ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೂವತ್ತೆಂಟು ವರ್ಷದಿಂದ ಅಲ್ಲೇ. ಗೋಡೆಗೆ ಸ್ಪಂಜು, ಕಿಟಕಿಗೆ ಎರಡು ಪದರ ಗಾಜು, ನೆಲಕ್ಕೆ ನಾಲ್ಕು ವರ್ಷದ ಹಿಂದೆ ಹಾಸಿದ ಕಂದು ಕಾರ್ಪೆಟ್ಟು, ಅದರ ಮೇಲೆ ಹಾಡುವವರು ನಿಲ್ಲಲೆಂದು ಬಿಳಿ ಟೇಪಿನ ಗುರುತು. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಕಿವಿಯಣ್ಣ. ಯಾವ ಕಂಠಕ್ಕೆ ಯಾವ ಮೈಕು ಒಪ್ಪುತ್ತದೆ ಎಂದು ಹೇಳುವುದರಲ್ಲಿ ಎತ್ತಿದ ಕೈ.

ಅವನ ಬೀರುವಿನಲ್ಲಿದ್ದದ್ದು ಐದು ಮೈಕುಗಳು. ಕಂಪನಿ ಹೆಸರು, ನಂಬರು ಹಿಡಿದು ಅವುಗಳನ್ನು ಎಂದೂ ಕರೆದವನಲ್ಲ. ಒಂದು ಅತ್ತೆ: ತುಟಿ ಒದ್ದೆ ಮಾಡಿಕೊಂಡರೂ ಅದಕ್ಕೆ ಕೇಳಬೇಕು, ಸಣ್ಣದನ್ನು ದೊಡ್ಡದು ಮಾಡಿ ಹೇಳಬೇಕು. ಇನ್ನೊಂದು ಅಜ್ಜಿ: ಹಳೇ ಕಾಲದ ರಿಬ್ಬನ್ ಮೈಕು, ದನಿಯ ಚೂಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಮೆತ್ತಗೆ ಮಾಡಿ ಕೊಡುವಂಥದು. ಭಾವ ಅಂತ ಒಂದಿತ್ತು. ಎಷ್ಟು ಕಿರುಚಿದರೂ ಬೇಜಾರಿಲ್ಲ, ಕೆಳಗೆ ಬಿದ್ದರೂ ಜಗ್ಗುವುದಿಲ್ಲ. ಉಳಿದೆರಡು ಅವಳಿ ಜವಳಿ, ವಾದ್ಯಗಳಿಗೆ ಮೀಸಲು.

ಬಂದವರನ್ನು ಅವನು ಮೊದಲು ಹಾಡಿಸುತ್ತಿರಲಿಲ್ಲ. "ಯಾರ ಮೇಲಾದ್ರೂ ಒಂದು ಚಾಡಿ ಹೇಳಿ" ಎನ್ನುತ್ತಿದ್ದ. ಹಾಡುವಾಗ ಮನುಷ್ಯ ದನಿಗೆ ಇಸ್ತ್ರಿ ಹಾಕುತ್ತಾನೆ, ಚಾಡಿ ಹೇಳುವಾಗ ಅಸಲಿ ದನಿ ಹೊರಗೆ ಬರುತ್ತದೆ ಎಂಬುದು ಅವನ ಸಿದ್ಧಾಂತ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳುವುದು, ಬೀರು ತೆರೆಯುವುದು, ಒಂದನ್ನು ಎತ್ತಿಕೊಳ್ಳುವುದು. ಎರಡನೆಯದನ್ನು ತೆಗೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅದೇ ಅವನ ಜಂಬ, ಪಾಪ.

ಆ ಬುಧವಾರ ಬಂದವಳು ಅವನ ಸ್ವಂತ ಅಕ್ಕ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೈದು. ಹಾಡಿ ಮಲಗಿಸಿ, ಬೈದು ಎಬ್ಬಿಸಿ ಅವನನ್ನು ದೊಡ್ಡವನನ್ನಾಗಿ ಮಾಡಿದವಳೇ ಅವಳು. ಆಮೇಲೆ ಮೂವತ್ತೆರಡು ವರ್ಷ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟಳು. "ಮೈಕು ಬೇಕಾಗೋದು ದನಿ ಇಲ್ಲದವರಿಗೆ" ಎಂದು ತಮ್ಮನ ಸ್ಟುಡಿಯೋದ ಮೆಟ್ಟಿಲನ್ನೂ ಹತ್ತಿದವಳಲ್ಲ. ಈಗ ಗಂಟಲಿನಲ್ಲಿ ಗೆಡ್ಡೆ. ಸೋಮವಾರ ಆಪರೇಷನ್. ಮಾತಾಡುವುದಕ್ಕೆ ತೊಂದರೆಯಿಲ್ಲ, ಹಾಡಿನ ಗ್ಯಾರಂಟಿ ಕೊಡಲಾರೆ ಎಂದಿದ್ದರು ಡಾಕ್ಟರು.

"ಅಷ್ಟರೊಳಗೆ ನಾಲ್ಕು ಹಾಡು ಹಿಡಿದಿಟ್ಕೊಳ್ಳೋ" ಎಂದಳು ಅಕ್ಕ.

"ಮೊದಲು ಚಾಡಿ ಹೇಳು."

"ನಿನ್ನ ಮೇಲೇ ಹೇಳ್ಲಾ?" ಎಂದವಳು ಹತ್ತು ನಿಮಿಷ ಬಿಡುವಿಲ್ಲದೆ ಹೇಳಿದಳು. ಅವನು ನಕ್ಕು ಬೀರು ತೆರೆದು ಅತ್ತೆಯನ್ನು ಎತ್ತಿಕೊಂಡ.

ಚಹಾ ತಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. "ಅಕ್ಕನ ದನಿ ಮೊದಲೇ ಚೂಪು ಅಲ್ವಾ?"

"ನೀನು ಚಹಾ ನೋಡ್ಕೋ" ಎಂದ. ಇತ್ತೀಚೆಗೆ ಅವನ ಕೈ ಅತ್ತೆಯ ಕಡೆಗೇ ಹೋಗುತ್ತಿತ್ತು. ಉಳಿದವೆಲ್ಲ ಮಂಕಾಗಿ ಕೇಳುತ್ತಿದ್ದವು, ಹಳೆಯದಾದವು ಎಂದುಕೊಂಡಿದ್ದ.

ಒಂದು ಹಾಡು ಮುಗಿಯಿತು. ಅಕ್ಕ ಹೆಡ್‌ಫೋನು ಹಾಕಿಕೊಂಡು ಕೇಳಿದಳು, ಅರ್ಧಕ್ಕೇ ಕಿತ್ತು ಇಟ್ಟಳು.

"ಇದು ನಾನಲ್ಲ."

"ಮೊದಲನೇ ಸಲ ತಮ್ಮ ದನಿ ಕೇಳಿದೋರೆಲ್ಲ ಹಾಗೇ ಅನ್ನೋದು."

"ಮಕ್ಕಳ ಕಿರುಚಾಟದಲ್ಲಿ ಪಳಗಿದ ಕಿವಿ ಕಣೋ ಇದು. 'ಸ' ಅಕ್ಷರ ಬಂದಾಗೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತೆ. ನಿನಗೆ ಕೇಳಿಸ್ತಿಲ್ವಾ?"

"ಎಲ್ಲಿದೆ ಸೂಜಿ? ನಿನ್ನ ಗಂಟಲೇ ಹಾಗಿದ್ರೆ ಮೈಕೇನು ಮಾಡುತ್ತೆ!"

"ಓಹೋ! ತನ್ನ ಎಲೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದ ಎಲೆಯ ನೊಣ ಹುಡುಕಿದನಂತೆ."

ಅವನಿಗೆ ಮೈಯೆಲ್ಲ ಉರಿಯಿತು. ಜಗಳ ಬಿಡಿಸಲೆಂದು ಹೆಂಡತಿ ನಡುವೆ ಬಂದು, ಅಭ್ಯಾಸಬಲದಿಂದ, ಅಂದುಬಿಟ್ಟಳು: "ಅಕ್ಕಾ, ಒಂದು ಗೇಣು ಎಡಕ್ಕೆ ನಿಂತ್ಕೊಂಡು ಹಾಡಿ. ಎಲ್ಲರೂ ಅಲ್ಲೇ ನಿಲ್ಲೋದು."

"ಎಲ್ಲರೂ ಅಂದ್ರೆ?"

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ನೆಲ ನೋಡಿದ. ಟೇಪಿನ ಗುರುತಿನ ಸುತ್ತ ಕಾರ್ಪೆಟ್ಟು ಹೊಸದರ ಹಾಗೇ ಇತ್ತು. ಅಲ್ಲಿಂದ ಒಂದು ಗೇಣು ಎಡಕ್ಕೆ ಮಾತ್ರ, ಎರಡು ಪಾದದಷ್ಟು ಜಾಗ, ನೂಲು ಎದ್ದು ಸವೆದುಹೋಗಿತ್ತು.

ಮೈಕಿನ ನೇರಕ್ಕೆ ನಿಂತರೆ ಚೂಪೆಲ್ಲ ಅದರ ಬಾಯಿಗೇ ಬೀಳುತ್ತದೆ. ಪಕ್ಕಕ್ಕೆ ಸರಿದರೆ ಒಂದಿಷ್ಟು ತಪ್ಪುತ್ತದೆ. ಈ ಉಪಾಯ ಹಾಡುವವರು ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡಿದ್ದರು. ಹಾಡುವ ಕೋಣೆಯ ಗಾಜಿನ ಆಚೆ ಕಣ್ಣು ಮುಚ್ಚಿ ಕೇಳುವವನಿಗೆ ಅವರು ಸರಿದದ್ದು ಕಂಡಿರಲಿಲ್ಲ.

"ಎಷ್ಟು ದಿನದಿಂದ?"

"ಮೂರು ವರ್ಷ" ಎಂದಳು ಹೆಂಡತಿ. "ನಿಮ್ಮ ಕಿವಿಗೆ ಆ ಚೂಪು ಈಗ ಬೀಳ್ತಿಲ್ಲ ಕಣ್ರೀ. ವಯಸ್ಸಾದ ಮೇಲೆ ಎಷ್ಟೋ ಜನರಿಗೆ ಆಗೋದೇ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಬಾಗಿಲು ಹಾಕ್ತಿದ್ರಿ."

ಅದು ನಿಜ. ಅದು ನಿಜವಾದದ್ದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆ. ಕಿವಿಯಣ್ಣ ಎಂದು ಕರೆದವರೆಲ್ಲ ಕರೆಯುತ್ತಲೇ ಒಂದು ಗೇಣು ಸರಿದಿದ್ದರು. ಕುರ್ಚಿಯ ಮೇಲೆ ಕುಸಿದು ಕೂತ, ಕಣ್ಣು ತುಂಬಿಕೊಂಡವು.

"ಸಾಕು ಏಳೋ" ಎಂದಳು ಅಕ್ಕ. "ಅಳೋದಿದ್ರೆ ಮಂಗಳವಾರ ಅಳು. ಸೋಮವಾರದವರೆಗೆ ನನಗೆ ಪುರುಸೊತ್ತಿಲ್ಲ."

ಅವನು ಎದ್ದ. ಬೀರುವನ್ನು ಎರಡನೇ ಸಲ ತೆರೆದು ಅಜ್ಜಿಯನ್ನು ತೆಗೆದ, ಧೂಳು ಒರೆಸಿ ಸ್ಟ್ಯಾಂಡಿಗೆ ಏರಿಸಿದ. ಅಕ್ಕ ಎರಡು ಸಾಲು ಹಾಡಿದಳು. ಅವನಿಗೆ ಮಂಕಾಗಿಯೇ ಕೇಳಿತು. ಹೆಡ್‌ಫೋನು ತೆಗೆದು ಹೆಂಡತಿಯ ತಲೆಗೆ ಹಾಕಿದ. ಮೂವತ್ತೈದು ವರ್ಷ ಅವಳು ಅಲ್ಲಿ ಚಹಾ ಕೊಟ್ಟಿದ್ದಳು, ಫೋನು ಎತ್ತಿದ್ದಳು. ಹೇಗೆ ಕೇಳುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

"ಸ್ವಲ್ಪ ಹತ್ತಿರ ಬರಲಿ" ಎಂದಳು ಅಳುಕುತ್ತ. ಅವನು ಮೈಕನ್ನು ಎರಡು ಬೆರಳು ಮುಂದಕ್ಕೆ ಜರುಗಿಸಿದ. "ಇನ್ನೂ ಒಂದು ಚೂರು." ಜರುಗಿಸಿದ. ಅವಳ ಮುಖದ ಗಂಟು ಬಿಚ್ಚಿಕೊಳ್ಳುವವರೆಗೆ ಜರುಗಿಸಿದ.

ಅಕ್ಕನೂ ಕೇಳಿದಳು. "ಹಾಂ. ಇದು ನಾನು."

ಮತ್ತೆ ಹಾಡಲು ಹೋದವಳು ಸವೆದ ಜಾಗದಲ್ಲೇ ನಿಂತಳು. ಅವನು ಅವಳ ಭುಜ ಹಿಡಿದು ಬಿಳಿ ಟೇಪಿನ ಮೇಲೆ ನಿಲ್ಲಿಸಿದ. "ನೇರ ನಿಂತ್ಕೋ ಅಕ್ಕ. ಇನ್ನು ಯಾರೂ ಸರಿಯೋದು ಬೇಡ."

"ಅದಿರಲಿ, ನಿನಗೆ ಹೇಗೆ ಕೇಳ್ತು ಹೇಳು?"

"ಕಂಬಳಿ ಹೊದ್ದು ಹಾಡಿದ ಹಾಗೆ."

"ನಿನ್ನ ಮಲಗಿಸೋಕೆ ಹಾಡ್ತಿದ್ದದ್ದೂ ಕಂಬಳಿ ಒಳಗೇ ಅಲ್ವೇನೋ. ಅಪ್ಪಂಗೆ ಎಚ್ಚರ ಆಗ್ಬಾರ್ದು ಅಂತ."

ಅವನು ಗಾಜಿನ ಆಚೆ ಹೋಗಿ ಹೆಂಡತಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತ. ಕಣ್ಣು ಮುಚ್ಚಲಿಲ್ಲ. ಅಕ್ಕನನ್ನೇ ನೋಡುತ್ತ ರೆಕಾರ್ಡಿನ ಗುಂಡಿ ಒತ್ತಿದ.