ತಲೆ ಬಾಲ ಮುಟ್ಟಿದ ಸರ್ಪಸುತ್ತು

ಇವತ್ತು ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸೈಟಿಯ ಮಾಲಿ ಹೂಕುಂಡಗಳಿಗೆ ಗೇರು ಬಳಿಯುತ್ತಿದ್ದ. ಇಲ್ಲಿಯವರು ಗೇರು ಅನ್ನುವುದು ನಮ್ಮೂರಿನ ಕೆಮ್ಮಣ್ಣಿಗೆ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದಲ್ಲಿರುವ ನಮಗೆ ಕೆಮಿಕಲ್ ಬಿಟ್ಟು ಬೇರೊಂದು ವಾಸನೆ ದಕ್ಕುವುದೇ ಅಪರೂಪ. ಆದರೂ ಒದ್ದೆ ಕೆಮ್ಮಣ್ಣಿನ ವಾಸನೆ ನೇರವಾಗಿ ಮೂಗಿಗೆ ಬಂತು, ಬಂದದ್ದೇ ನನಗೆ ವನಜತ್ತಿಗೆಯ ಮೊಣಕಾಲು ನೆನಪಾಯಿತು. ನಗಬೇಡಿ. ಕೆಲವರಿಗೆ ಮಲ್ಲಿಗೆ ಮೂಸಿದರೆ ಮದುವೆ ನೆನಪಾಗುತ್ತದೆ; ನನ್ನ ಭಾಗ್ಯಕ್ಕೆ ಬಂದದ್ದು ಇಷ್ಟು.

ವನಜತ್ತಿಗೆ ನನ್ನ ಅಣ್ಣನ ಹೆಂಡತಿ. ಸಾನಪಾಡಾದಲ್ಲಿ ಅವರದ್ದೊಂದು ಸಣ್ಣ ವೆಜ್ ಹೋಟೆಲು. ಲೈಸೆನ್ಸಿನಲ್ಲಿ ಇರುವುದು ಅಣ್ಣನ ಹೆಸರು. ಆದರೆ ಇಡ್ಲಿ ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂಬುದರಿಂದ ಹಿಡಿದು, ತುರ್ಭೆಯ ಗೋದಾಮುಗಳಿಂದ ಬರುವ ಹಮಾಲರಿಗೆ ಮತ್ತೊಂದು ಸಲ ಸಾಂಬಾರು ಹಾಕಬೇಕೋ ಬೇಡವೋ ಎಂಬುದರವರೆಗೆ ತೀರ್ಮಾನವೆಲ್ಲ ಅತ್ತಿಗೆಯದ್ದು. ಹಾಕಬೇಕು ಎಂಬುದೇ ಯಾವಾಗಲೂ ಆ ತೀರ್ಮಾನ.

ಕೆಲವು ವರ್ಷಗಳ ಹಿಂದೆ ಅತ್ತಿಗೆ ಮಹಿಳಾ ಮಂಡಲದವರ ಜೊತೆ ಹಿಮಾಚಲಕ್ಕೆ ಹೋಗಿದ್ದರು. ಮದುವೆಯಾದ ಮೇಲೆ ಹೋಟೆಲು ಬಿಟ್ಟು ಹೊರಟ ಮೊದಲ ಪ್ರವಾಸ. ಕಾಡಂಚಿನ ಎತ್ತರದ ಹುಲ್ಲಿನಲ್ಲಿ ಕೂತು ಎಲ್ಲರೂ ಫೋಟೋ ತೆಗೆಸಿಕೊಂಡರು. ಸಂಜೆ ನೋಡಿದರೆ ಅತ್ತಿಗೆಯ ಮೊಣಕಾಲ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ಊರಿನಲ್ಲಿ ದನದ ಮೈಯಿಂದ ಉಣುಗು ಕೀಳುತ್ತ ಬೆಳೆದವರು ಅವರು. ಇದನ್ನೂ ಕಿತ್ತು ಬಿಸಾಡಿದರು, ಯಾರಿಗೂ ಹೇಳಲಿಲ್ಲ.

ಮನೆಗೆ ಬಂದ ಕೆಲವು ದಿನಕ್ಕೆ ಜ್ವರ, ಮೈಕೈ ನೋವು. ಉಣುಗು ಕಚ್ಚಿದ ಕಡೆ ಒಂದು ಕೆಂಪು ಉಂಗುರ ಎದ್ದು, ದಿನದಿನಕ್ಕೆ ಅಗಲವಾಗುತ್ತ ಹೋಯಿತು. ನಮ್ಮ ಕಡೆ ಮೈಮೇಲೆ ಕೆಂಪಗೆ ಸುತ್ತು ಕಂಡರೆ ಅದು ಸರ್ಪಸುತ್ತು, ಬೇರೆ ಮಾತೇ ಇಲ್ಲ. ಅದರ ತಲೆ ಬಾಲ ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಹೆದರಿಕೆ ಬೇರೆ. ನನ್ನ ಅಮ್ಮ ಕನ್ನಡಕ ಹಾಕಿ ನೋಡಿದವರೇ ಕುಸಿದು ಕೂತರು.

"ಅಯ್ಯೋ ದೇವರೇ, ಇದು ಆಗಲೇ ಮುಟ್ಟಿ ಆಗಿದೆಯಲ್ಲ!"

"ಮುಟ್ಟಿಯೂ ನಾನು ಬದುಕಿದ್ದೇನಲ್ಲ ಅತ್ತೆ, ಇನ್ನು ಎಂತ ಹೆದರುವುದು?" ಎಂದರು ಅತ್ತಿಗೆ.

ಅಮ್ಮ ಕೇಳಬೇಕಲ್ಲ. ಊರಿನ ನಾಗಬನಕ್ಕೆ ತಂಬಿಲ ಸೇವೆಯ ಹರಕೆ ಹೇಳಿಕೊಂಡರು. ಗರಿಕೆಯ ರಸದಲ್ಲಿ ಕೆಮ್ಮಣ್ಣು ಅರೆದು ಉಂಗುರ ಕಾಣದಷ್ಟು ದಪ್ಪಕ್ಕೆ ಮೆತ್ತಿದರು. ಜ್ವರಕ್ಕೆಂದು ಹೋದಾಗ ಡಾಕ್ಟರಿಗೆ ಕಂಡದ್ದು ಮಣ್ಣು ಮಾತ್ರ. "ನಾಗೀಣ್ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಅವರಲ್ಲೂ ಸರ್ಪಸುತ್ತಿಗೆ ಹಾವಿನದೇ ಹೆಸರು. ಅಮ್ಮ "ಹೋ, ಹೋ" ಎಂದು ಹೌದೆಂಬಂತೆ ತಲೆಯಾಡಿಸಿದರು. ಕೊನೆಗೆ ಉಂಗುರ ತಾನಾಗಿಯೇ ಮಾಸಿತು, ಕೀರ್ತಿ ಅಮ್ಮನಿಗೆ ಬಂತು.

ರೋಗ ಮಾತ್ರ ಒಳಗೇ ಬಿಡಾರ ಹೂಡಿತ್ತು. ಮೊದಲು ಎದೆ ಢವಢವ, ತಲೆಸುತ್ತು. ಆಮೇಲೆ ಒಂದು ಬೆಳಿಗ್ಗೆ ಮುಖದ ಎಡಭಾಗ ಜೋತುಬಿದ್ದು, ಕುಡಿದ ಕಾಫಿ ಬಾಯಿಯ ಮೂಲೆಯಿಂದ ಇಳಿಯಿತು. ಮುಖ ಸುಮಾರು ಸರಿಯಾಯಿತು ಅನ್ನುವಾಗ ಮೊಣಕಾಲು ತೆಂಗಿನಕಾಯಿಯಂತೆ ಊದಿತು. ಎದೆಗೊಬ್ಬ ಡಾಕ್ಟರು, ನರಕ್ಕೊಬ್ಬರು, ಮೂಳೆಗೊಬ್ಬರು. ಒಬ್ಬರ ವಿಷಯ ಇನ್ನೊಬ್ಬರಿಗೆ ಬೇಡ. ಟೆನ್ಶನ್ ಅಂದವರುಂಟು, ವಯಸ್ಸು ಅಂದವರೂ ಉಂಟು. ಅಣ್ಣ ಮೆಲ್ಲಗೆ ಹೋಟೆಲನ್ನು ಕಂಡಕ್ಟಿಂಗಿಗೆ ಕೊಡುವ ಮಾತು ತೆಗೆದ. ಅಂದರೆ ತಿಂಗಳಿಗಿಷ್ಟು ಅಂತ ತೆಗೆದುಕೊಂಡು ಬೇರೆಯವರಿಗೆ ನಡೆಸಲು ಬಿಡುವುದು. ಒಂದು ಪಾರ್ಟಿ ಬಂದು ಅಡುಗೆಮನೆ ನೋಡಿಕೊಂಡೂ ಹೋಯಿತು.

"ನನಗೆ ಎಂತ ಆಗಿದೆ ಅಂತ ಗೊತ್ತಾಗುವವರೆಗೆ ಬೀಗದಕೈ ಯಾರಿಗೂ ಕೊಡಬಾರದು," ಎಂದರು ಅತ್ತಿಗೆ. ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ಥಾಣೆಯಲ್ಲಿ ಒಬ್ಬರು ಒಳ್ಳೆ ಫಿಸಿಶಿಯನ್ ಇದ್ದಾರೆಂದು ಕೇಳಿ ನನ್ನನ್ನೂ ಎಳೆದುಕೊಂಡು ಹೊರಟರು. ಲೋಕಲ್ ಟ್ರೇನಿನಲ್ಲಿ ಕಾಲು ನೀಡಿ ಕೂತು, "ಈ ಸಲ ಕಾಲು ಬೇರೆ ಮುಖ ಬೇರೆ ಅಂತ ಹೇಳುವುದಿಲ್ಲ ಮಾರಾಯ್ತಿ. ಇರುವುದು ಒಂದೇ ಮೈಯಲ್ಲವಾ?" ಎಂದರು.

ಡಾಕ್ಟರ ಮುಂದೆ ಕೂತವರೇ "ಸಾಬ್, ಬೀಚ್ ಮೇ ಮತ್ ರೋಕೋ" ಎಂದು, ನಡುವೆ ತಡೆಯಬಾರದೆಂಬ ಕರಾರು ಹಾಕಿ, ಹಿಮಾಚಲದಿಂದ ಶುರುಮಾಡಿದರು. ಉಣುಗಿಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ಗೊತ್ತಿಲ್ಲದೆ "ಗಾಯ್ ಕಾ ಕೀಡಾ", ಅಂದರೆ ದನದ ಹುಳ, ಎಂದರು. ಕೆಮ್ಮಣ್ಣಿನವರೆಗೆ ಬಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು, "ಮಿಟ್ಟಿ ಕೆ ನೀಚೆ ಕ್ಯಾ ಥಾ?" ಎಂದು ಕೇಳಿದರು. ಮಣ್ಣಿನ ಕೆಳಗೆ ಏನಿತ್ತು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅತ್ತಿಗೆ ಮೇಜಿನ ಮೇಲೆ ಬೆರಳಿನಿಂದ ದೊಡ್ಡದೊಂದು ಉಂಗುರ ಎಳೆದು ತೋರಿಸಿದರು.

ರಕ್ತಪರೀಕ್ಷೆಯ ನಂತರ ಹೆಸರು ಸಿಕ್ಕಿತು, ಲೈಮ್ ಕಾಯಿಲೆ. ನಮ್ಮಲ್ಲಿ ಅಪರೂಪದ್ದಂತೆ. ಉಣುಗು ಬಿಟ್ಟುಹೋದ ರೋಗಾಣು ಎದೆ, ನರ, ಗಂಟು ಎಂದು ಸುತ್ತುತ್ತಿತ್ತಂತೆ. ಇಂಜೆಕ್ಷನ್ನು, ಗುಳಿಗೆ ಎಲ್ಲ ಆಯಿತು. ರೋಗ ಹೋಯಿತು, ಆದರೆ ಮೊಣಕಾಲ ನೋವು, ಬೇಗ ಬರುವ ದಣಿವು ಪೂರ್ತಿ ಹೋಗಲಿಲ್ಲ.

ಅದಕ್ಕೇ ಅಣ್ಣ ಮೊನ್ನೆ ಫೋನ್ ಮಾಡಿ, "ಇನ್ನಾದರೂ ಹೋಟೆಲು ಬಿಟ್ಟು ಆರಾಮಾಗಿ ಇರಲಿಕ್ಕೆ ಅವಳಿಗೆ ನೀನು ಒಂದು ಮಾತು ಹೇಳು," ಎಂದಿದ್ದ. ನನಗೂ ಹೌದು ಅನಿಸಿತ್ತು. ಇವತ್ತು ಮಧ್ಯಾಹ್ನ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಸಾನಪಾಡಾಕ್ಕೆ ಹೋದೆ. ನೋಡಿದರೆ ಅಂದು ಹೋಟೆಲು ನೋಡಿಹೋಗಿದ್ದ ಅದೇ ಪಾರ್ಟಿಯವನು ಗಲ್ಲಾದ ಮುಂದೆ ನಿಂತಿದ್ದಾನೆ.

"ಅಕ್ಕಾ, ಕಾಲುನೋವು ಇನ್ನೂ ಉಂಟಂತೆ. ಯೋಚನೆ ಮಾಡಿದಿರಾ?"

"ನೋವು ಉಂಟು," ಎಂದರು ಅತ್ತಿಗೆ. "ಕೂತರೂ ಉಂಟು, ನಿಂತರೂ ಉಂಟು. ಹಾಗಾಗಿ ನಿಂತೇ ಇರ್ತೇನೆ. ನೀವು ಚಾ ಕುಡಿದು ಹೋಗಿ."

ಆತ ಕುಡಿದು ಹೊರಟ. ಚಾದ ದುಡ್ಡು ಇಸಿದುಕೊಂಡೇ ಕಳಿಸಿದರು. ಆಮೇಲೆ ನನ್ನತ್ತ ತಿರುಗಿ, "ನೀನು ಎಂತದೋ ಹೇಳಲಿಕ್ಕೆ ಬಂದ ಹಾಗೆ ಉಂಟಲ್ಲ?" ಎಂದರು.

"ಎಂತ ಇಲ್ಲ ಅತ್ತಿಗೆ," ಎಂದೆ. ಊಟದ ಹೊತ್ತಿನ ರಶ್ ಶುರುವಾಗಿತ್ತು. ದುಪಟ್ಟಾ ಸೊಂಟಕ್ಕೆ ಬಿಗಿದು ಅವರ ಪಕ್ಕದಲ್ಲಿ ನಿಂತೆ.